ಪೆಪರೋನಿ ಬೇಡ ಅಂದವರು ಇಬ್ಬರು

ನಮ್ಮ ಹೋಮ್‌ಸ್ಟೇಗೆ ಬುಕ್ ಮಾಡಿದವರಿಗೆ ನಾನು ಒಂದು ಪ್ರಶ್ನೆ ಕಳಿಸುತ್ತೇನೆ. ನೀವು ಏನು ತಿನ್ನುವುದಿಲ್ಲ? ಬೆಂಗಳೂರಿನವರು ಬದನೆಕಾಯಿ ಅಂತ ಬರೆಯುತ್ತಾರೆ. ಕೆಲವರು ಈರುಳ್ಳಿ ಬೆಳ್ಳುಳ್ಳಿ ಬೇಡ ಅನ್ನುತ್ತಾರೆ. ಒಬ್ಬರು 'ಉಪದೇಶ' ಅಂತ ಬರೆದಿದ್ದರು, ಅವರು ಈಗ ನಮ್ಮ ಸ್ನೇಹಿತರು.

2019ರಲ್ಲಿ ಜರ್ಮನಿಯಿಂದ ಬರುವವರಿದ್ದ ಒಬ್ಬರು ಇಂಗ್ಲಿಷಿನಲ್ಲಿ ಬರೆದರು: 'ಪೆಪರೋನಿ ಬೇಡ, ನನ್ನ ಹೊಟ್ಟೆಗೆ ಆಗುವುದಿಲ್ಲ.'

ನನಗೆ ಪೆಪರೋನಿ ಗೊತ್ತಿತ್ತು. ನನ್ನ ಮಗ ಬೆಂಗಳೂರಿನಲ್ಲಿ ಓದುವಾಗ ಪೆಪರೋನಿ ಪಿಜ್ಜಾ ತಿಂದು ಫೋಟೋ ಕಳಿಸಿದ್ದ. ಮೇಲೆಲ್ಲಾ ಕೆಂಪು ಸಾಸೇಜಿನ ಬಿಲ್ಲೆಗಳು. ಅತ್ತೆಯವರು ಕನ್ನಡಕ ಹಾಕಿಕೊಂಡು ನೋಡಿ, 'ಏನೇ ಇದು, ರೊಟ್ಟಿಗೆ ಕುಂಕುಮ ಇಟ್ಟಿದ್ದಾರೆ' ಅಂದಿದ್ದರು. ಹಾಗಾಗಿ ಜರ್ಮನ್‌ನವರಿಗೆ ಧೈರ್ಯವಾಗಿ ಉತ್ತರ ಬರೆದೆ. ಚಿಂತೆ ಮಾಡಬೇಡಿ, ನಮ್ಮ ಅಡುಗೆಮನೆಗೆ ಪೆಪರೋನಿ ಬರುವುದೇ ಇಲ್ಲ. ಮೂಡಿಗೆರೆಯಿಂದ 12 ಕಿಲೋಮೀಟರ್ ಒಳಗಿರುವ ತೋಟದ ಮನೆಗೆ ಆ ಸಾಸೇಜು ಎಲ್ಲಿಂದ ಬರಬೇಕು, ಹೇಳಿ.

ಬೆಳಿಗ್ಗೆ ಅಕ್ಕಿರೊಟ್ಟಿ, ಜೊತೆಗೆ ಕಾಯಿ ಚಟ್ನಿ. ಚಟ್ನಿಗೆ ಹಿತ್ತಲಿನ ಜೀರಿಗೆಮೆಣಸು ಹಾಕಿದ್ದೆ. ಜೀರಿಗೆಮೆಣಸು ಗೊತ್ತಲ್ಲ, ಉಗುರಿನಷ್ಟೇ ಇರುತ್ತದೆ, ಬಾಯಿಗೆ ಹೋದ ಮೇಲೆ ಅದರ ಕತೆ ಬೇರೆ. ಮನುಷ್ಯ ಆರಡಿ ಮೇಲಿದ್ದರು. ದೊಡ್ಡ ತುಂಡು ರೊಟ್ಟಿಗೆ ದೊಡ್ಡದಾಗಿ ಚಟ್ನಿ ಹಚ್ಚಿ ಬಾಯಿಗಿಟ್ಟರು. ಆಮೇಲೆ ಸುಮ್ಮನಾದರು. ಕಿವಿ ಕೆಂಪಾಯಿತು, ಕಣ್ಣಲ್ಲಿ ನೀರು ಬಂತು. ನನ್ನ ಕಡೆ ತಿರುಗಿ, ಮೋಸ ಹೋದವರ ಥರ, 'ಪೆಪರೋನಿ!' ಅಂದರು. 'ಇಲ್ಲ ಸಾರ್, ಮಾಂಸವೇ ಹಾಕಿಲ್ಲ' ಅಂದೆ. ಅವರು ಎದ್ದು ಸೀದಾ ಅಡುಗೆಮನೆಗೆ ಬಂದರು. ಬುಟ್ಟಿಯಿಂದ ಒಂದು ಹಸಿಮೆಣಸಿನಕಾಯಿಯನ್ನು ತೊಟ್ಟು ಹಿಡಿದು ಎತ್ತಿ ತೋರಿಸಿದರು, ಸತ್ತ ಇಲಿಯನ್ನು ಬಾಲ ಹಿಡಿದು ಎತ್ತುವ ಹಾಗೆ.

ಪೆಪರೋನಿ ಅಂದರೆ ಅವರಿಗೆ ಖಾರದ ಮೆಣಸಿನಕಾಯಿ. ಸರಿ, ಕಲಿತೆ. ಅವರಿಗೆ ಎರಡು ದಿನ ಮೊಸರನ್ನ ಹಾಕಿ ಕಳಿಸಿದೆ.

2022ರಲ್ಲಿ ಸ್ವಿಟ್ಜರ್ಲೆಂಡಿನ ಜ್ಯೂರಿಕ್‌ನಿಂದ ತಾಯಿ ಮಗಳು ಬಂದರು. ಅವರ ಮಾತೂ ಜರ್ಮನ್ನೇ. ತಾಯಿಗೆ ಪೆಪರೋನಿ ಜೀರ್ಣ ಆಗುವುದಿಲ್ಲ ಅಂತ ಮೊದಲೇ ಬರೆದಿದ್ದರು. ನಾನು ಈಗ ಪಂಡಿತೆ ಅಲ್ವಾ. ಅಡುಗೆಗೆ ಬರುವವಳಿಗೆ ಹಿಂದಿನ ದಿನವೇ ಹೇಳಿದೆ, ನಾಳೆ ಒಂದು ಮೆಣಸಿನಕಾಯಿಯೂ ಮುಟ್ಟಬೇಡ. ತಿಳಿಸಾರು ಮಾಡಿದೆವು, ಖಾರವಿಲ್ಲ. ತೀರಾ ಸಪ್ಪೆ ಆಯಿತಲ್ಲ, ಬಂದವರಿಗೆ ಏನಾದರೂ ರುಚಿಯಾಗಿ ಕೊಡಬೇಕು ಅಂತ ದೊಣ್ಣೆಮೆಣಸಿನಕಾಯಿಗೆ ಕಡಲೆಹಿಟ್ಟು ಉದುರಿಸಿ ಪಲ್ಯ ಮಾಡಿದೆ. ಅದರಲ್ಲಿ ಖಾರ ಎಲ್ಲಿದೆ?

ಮಗಳು ಮುಚ್ಚಳ ತೆಗೆದಳು. ತಾಯಿಯ ಮುಖ ನೋಡಿದಳು. ಬಹಳ ವಿನಯದಿಂದ, 'ಇದು ಪೆಪರೋನಿ' ಅಂದಳು.

ನನಗೆ ಅಲ್ಲೇ ಕುಕ್ಕರುಗಾಲಲ್ಲಿ ಕೂತುಬಿಡೋಣ ಅನ್ನಿಸಿತು.

ಅವತ್ತು ರಾತ್ರಿ ತಮ್ಮನ ಮಗಳಿಗೆ ಫೋನ್ ಮಾಡಿದೆ. ಅವಳು ಜರ್ಮನಿಯಲ್ಲಿ ಎಂಎಸ್ ಓದುತ್ತಿದ್ದಾಳೆ. ಪೂರ್ತಿ ಕೇಳಿಸಿಕೊಂಡು ನಕ್ಕಳು. 'ಅತ್ತೆ, ಇಬ್ಬರೂ ಸರಿಯಾಗೇ ಹೇಳಿದ್ದಾರೆ. ಜರ್ಮನಿಯಲ್ಲಿ ಪೆಪರೋನಿ ಅಂದ್ರೆ ಖಾರದ್ದು. ಸ್ವಿಸ್‌ನವರಿಗೆ ಅದು ಕ್ಯಾಪ್ಸಿಕಂ. ಖಾರದ್ದಕ್ಕೆ ಅವರು ಪೆಪರೋನ್ಚಿನಿ ಅಂತಾರೆ.'

'ಮತ್ತೆ ನಿನ್ನ ಅಣ್ಣ ತಿಂದಿದ್ದು?'

'ಅದು ಅಮೆರಿಕದವರದ್ದು. ಅದನ್ನ ಬಿಡಿ.'

ಬಿಡಲಿಕ್ಕೆ ಆಗುತ್ತದೆಯೇ? ಮಳೆಗಾಲ, ಕರೆಂಟು ಇಲ್ಲ, ಅತಿಥಿಗಳೂ ಇಲ್ಲ. ನೆಟ್‌ವರ್ಕ್ ಸಿಕ್ಕಾಗೆಲ್ಲ ಈ ಪದದ ಹಿಂದೆ ಬಿದ್ದೆ.

ಪದ ಇಟಲಿಯದು. ಅಲ್ಲಿ ಪೆಪೆ ಅಂದರೆ ನಮ್ಮ ಕಾಳುಮೆಣಸು. ಅದಕ್ಕೆ 'ದೊಡ್ಡದು' ಅನ್ನುವ ಬಾಲ ಸೇರಿಸಿದರೆ ಪೆಪರೋನೆ, ಅಂದರೆ ದೊಣ್ಣೆಮೆಣಸಿನಕಾಯಿ. ಒಂದಕ್ಕಿಂತ ಜಾಸ್ತಿ ಇದ್ದರೆ ಪೆಪರೋನಿ. 'ಚಿಕ್ಕದು' ಅನ್ನುವ ಬಾಲ ಸೇರಿಸಿದರೆ ಪೆಪರೋನ್ಚಿನೋ, ಅದು ಖಾರದ ಮೆಣಸಿನಕಾಯಿ. ಎಷ್ಟು ಅಚ್ಚುಕಟ್ಟು ನೋಡಿ. ಸ್ವಿಟ್ಜರ್ಲೆಂಡಿನ ಒಂದು ಭಾಗದಲ್ಲಿ ಇಟಾಲಿಯನ್ನೇ ಮಾತು, ಹಾಗಾಗಿ ಅಲ್ಲಿನ ಜರ್ಮನ್‌ನವರು ಪಕ್ಕದ ಮನೆಯಿಂದ ತಂದ ಪದವನ್ನು ತಂದ ಹಾಗೇ ಇಟ್ಟುಕೊಂಡರು. ಜರ್ಮನಿಯವರು ಅದೇ ಪದ ತಗೊಂಡು ಖಾರದ ಕಾಯಿಗೆ ಕೊಟ್ಟರು. ಆಸ್ಟ್ರಿಯಾದವರು ಅದಕ್ಕೆ ತಮ್ಮ ಪ್ಫೆಫರ್ ಅನ್ನೂ ಬೆರೆಸಿ ಪ್ಫೆಫರೋನಿ ಮಾಡಿದರು. ಪ್ಫೆಫರ್ ಅಂದರೆ ಜರ್ಮನ್ನಿನಲ್ಲಿ ಕಾಳುಮೆಣಸು. ಅಮೆರಿಕಕ್ಕೆ ವಲಸೆ ಹೋದ ಇಟಲಿಯವರ ಜೊತೆ ಹೋದ ಪದ, ಮೆಣಸಿನಪುಡಿ ಹಾಕಿ ಕೆಂಪಗೆ ಮಾಡಿದ ಸಾಸೇಜಿನ ಮೇಲೆ ಕೂತಿತು. ಈಗ ಅಮೆರಿಕದವರು ಇಟಲಿಗೆ ಹೋಗಿ ಪೆಪರೋನಿ ಪಿಜ್ಜಾ ಕೇಳಿದರೆ ಕ್ಯಾಪ್ಸಿಕಂ ಹಾಕಿದ್ದು ಬರುತ್ತದೆ. ನನ್ನ ಸ್ವಿಸ್ ಅಮ್ಮನಿಗೆ ಇಟಲಿಯಲ್ಲೂ ಕಷ್ಟ.

ಪಾಪ್ರಿಕಾದ ಕತೆಯೂ ಹೀಗೇ. ತಮ್ಮನ ಮಗಳು ಹೊಸದಾಗಿ ಹೋದಾಗ ರೂಮಿನ ಹುಡುಗಿ 'ಅಂಗಡಿಯಿಂದ ಎರಡು ಪಾಪ್ರಿಕಾ ತಾ' ಅಂದಳಂತೆ. ಬೆಂಗಳೂರಿನ ಸೂಪರ್ ಮಾರ್ಕೆಟ್ಟಿನಲ್ಲಿ ಪಾಪ್ರಿಕಾ ಅಂದರೆ ಚಿಕ್ಕ ಸೀಸೆಯ ಕೆಂಪು ಪುಡಿ. ಇವಳು ಎರಡು ಪೊಟ್ಟಣ ಪುಡಿ ತಂದಿಟ್ಟಳು. ಜರ್ಮನಿಯಲ್ಲಿ ಪಾಪ್ರಿಕಾ ಅಂದರೆ ಕ್ಯಾಪ್ಸಿಕಂ ಕಾಯಿ. ಪುಡಿಗೂ ಅದೇ ಹೆಸರು, ಬೇಕಾದರೆ ಹಿಂದೆ ಪುಡಿ ಅಂತ ಸೇರಿಸಬೇಕು. ಡಚ್ಚರಿಗೂ, ಸ್ವೀಡನ್ನಿನವರಿಗೂ ಪಾಪ್ರಿಕಾ ಅಂದರೆ ಕಾಯಿ. ಇಂಗ್ಲಿಷಿಗೆ ಬಂದಾಗ ಮಾತ್ರ ಪುಡಿಯೊಂದೇ ಬಂತು, ಕಾಯಿ ಹೊರಗೇ ಉಳಿಯಿತು.

ಈ ಪದ ಯುರೋಪಿಗೆಲ್ಲ ಹರಡಿದ್ದು ಹಂಗೇರಿಯಿಂದ. ಹಂಗೇರಿಗೆ ಅದು ಪಕ್ಕದ ಸರ್ಬಿಯಾ, ಕ್ರೊಯೇಷಿಯಾ ಕಡೆಯಿಂದ ಬಂದಿತ್ತು. ಅಲ್ಲಿ ಪಾಪರ್ ಅಂದರೆ ಕಾಳುಮೆಣಸು, ಪಾಪ್ರಿಕಾ ಅದರ ಮುದ್ದಿನ ಹೆಸರು. ಹಂಗೇರಿಯ ಸೆಗೆಡ್ ಊರು ಕೆಂಪು ಪಾಪ್ರಿಕಾಕ್ಕೆ ಪ್ರಸಿದ್ಧ, ನಮ್ಮಲ್ಲಿ ಬ್ಯಾಡಗಿ ಇದ್ದ ಹಾಗೆ. ಹೋಲಿಕೆ ಸುಮ್ನೆ ಮಾಡಿದ್ದಲ್ಲ. ಬ್ಯಾಡಗಿಯ ಹೆಚ್ಚುಗಾರಿಕೆಯೂ ಬಣ್ಣವೇ, ಖಾರ ಕಡಿಮೆ. ಅದೇ ಸೆಗೆಡ್‌ನಲ್ಲಿ ಕೆಲಸ ಮಾಡುತ್ತಿದ್ದ ಆಲ್ಬರ್ಟ್ ಸೆಂಟ್‌ ಜಾರ್ಜಿ ಎಂಬ ವಿಜ್ಞಾನಿ ಪಾಪ್ರಿಕಾ ಕಾಯಿಯಿಂದ ಸಿ ವಿಟಮಿನ್ನನ್ನು ರಾಶಿಗಟ್ಟಲೆ ತೆಗೆದರು. 1937ರಲ್ಲಿ ಅವರಿಗೆ ನೊಬೆಲ್ ಬಂತು. ಕಿತ್ತಳೆ ನಿಂಬೆಯಲ್ಲಿ ಮಾತ್ರ ಸಿ ವಿಟಮಿನ್ ಅಂದುಕೊಂಡಿದ್ದ ನಾನು ಅವತ್ತಿನಿಂದ ಮೊಮ್ಮಗಳಿಗೆ ಕ್ಯಾಪ್ಸಿಕಂ ತಿನ್ನಿಸುವ ಪ್ರಯತ್ನದಲ್ಲಿದ್ದೇನೆ. ಅವಳು ಸ್ವಿಸ್ ಪಾರ್ಟಿ.

ಇನ್ನೊಂದು ಪದ ಇದೆ, ಪಿಮೆಂಟ್. ಇದರ ಹುಟ್ಟೇ ಬೇರೆ, ಲ್ಯಾಟಿನ್ನಿನಲ್ಲಿ ಬಣ್ಣ ಅನ್ನುವ ಅರ್ಥದ ಪದದಿಂದ ಬಂದಿದ್ದು. ಸ್ಪೇನಿನಲ್ಲಿ ಪಿಮಿಯೆಂತಾ ಅಂದರೆ ಕಾಳುಮೆಣಸು, ಪಿಮಿಯೆಂತೋ ಅಂದರೆ ಕ್ಯಾಪ್ಸಿಕಂ. ಕೊನೆಯ ಒಂದು ಅಕ್ಷರದ ಮೇಲೆ ಸಾರು ನಿಂತಿದೆ. ಫ್ರೆಂಚರ ಪಿಮಾಂ ಖಾರದ ಮೆಣಸಿನಕಾಯಿ. ಜರ್ಮನ್ನಿನ ಪಿಮೆಂಟ್ ಇದ್ಯಾವುದೂ ಅಲ್ಲ, ಅದು ಸರ್ವಸಾಂಬಾರ! ನಮ್ಮ ಬಚ್ಚಲುಮನೆ ಹಿಂದೆ ಅದರದೊಂದು ಮರ ಇದೆ, ಪಲಾವಿಗೆ ಎಲೆ ಕೀಳುತ್ತೇವೆ. ಇಷ್ಟು ದಿನ ಅದರ ಪಾಡಿಗೆ ಅದಿತ್ತು.

ಈ ಗೊಂದಲಕ್ಕೆಲ್ಲ ಕಾರಣ ಕೊಲಂಬಸ್. 1492ರಲ್ಲಿ ಹೊರಟಿದ್ದು ನಮ್ಮ ಕಡೆಯ ಸಾಂಬಾರ ಪದಾರ್ಥಕ್ಕೆ, ಮುಟ್ಟಿದ್ದು ಅಮೆರಿಕ. ಅಲ್ಲಿನವರು ತಿನ್ನುತ್ತಿದ್ದ ಕಾಯಿ ನಾಲಗೆ ಸುಟ್ಟಿತು. ನಾಲಗೆ ಸುಡುವುದಕ್ಕೆ ಯುರೋಪಿನವರ ಹತ್ತಿರ ಇದ್ದಿದ್ದು ಒಂದೇ ಹೆಸರು, ಮೆಣಸು. ಗಿಡ ನೋಡಿದರೆ ಸಂಬಂಧವೇ ಇಲ್ಲ. ನಮ್ಮದು ಸಿಲ್ವರ್ ಓಕ್ ಮರಕ್ಕೆ ಹಬ್ಬುವ ಬಳ್ಳಿ. ಅದು ಬದನೆ, ಟೊಮೆಟೊ ಕುಟುಂಬದ ಗಿಡ. ಆದರೆ ಹೆಸರು ಇಟ್ಟಿದ್ದು ಕಣ್ಣಲ್ಲ, ನಾಲಗೆ. ಆಮೇಲೆ ಆ ಕಾಯಿ ಖಾರ ಕಳೆದುಕೊಂಡು ದಪ್ಪ ಆಯಿತು, ಪುಡಿ ಆಯಿತು, ಸಾಸೇಜಿಗೂ ಸೇರಿತು. ಹೆಸರು ಎಲ್ಲದರ ಜೊತೆಗೂ ಹೋಯಿತು. ಒಂದೊಂದು ಊರಿನಲ್ಲಿ ಒಂದೊಂದು ಹಂತದಲ್ಲಿ ಇಳಿದುಕೊಂಡಿತು, ಅಷ್ಟೇ.

ಯುರೋಪಿನವರನ್ನು ನೋಡಿ ನಗುತ್ತಿದ್ದೆನಲ್ಲ, ನಮ್ಮ ಮನೆಯದ್ದೇ ಒಂದು ಕತೆ ಇದೆ.

ನನ್ನ ಓರಗಿತ್ತಿ ಕುಂದಾಪುರದವಳು. ಮದುವೆಯಾಗಿ ಬಂದ ಹೊಸತು. ಮೈದುನ ಪೇಟೆಯಿಂದ ಮೀನು ತಂದಿದ್ದ. 'ನಮ್ಮ ಕಡೆ ಸಾರು ನಾನೇ ಮಾಡ್ತೇನೆ ಅತ್ತೆ' ಅಂತ ಸೆರಗು ಸಿಕ್ಕಿಸಿ ನಿಂತಳು. ತೆಂಗಿನಕಾಯಿ ತುರಿದಾಯಿತು, ಹುಣಸೆಹಣ್ಣು ನೆನೆಸಿದ್ದಾಯಿತು. 'ಅತ್ತೆ, ಹದಿನೈದು ಮೆಣಸು ಕೊಡಿ' ಅಂದಳು. ಅತ್ತೆಯವರು ಒಳಗೆ ಹೋಗಿ ಡಬ್ಬಿ ತೆಗೆದು, ಅಂಗೈ ಮೇಲೆ ಒಂದೊಂದೇ ಇಟ್ಟು, ಹದಿನೈದು ಕಾಳು ಎಣಿಸಿಕೊಂಡು ಬಂದು ಅವಳ ಕೈಗೆ ಹಾಕಿದರು. ನನ್ನ ಕಿವಿಯಲ್ಲಿ, 'ನೋಡು, ಹುಡುಗಿ ಎಷ್ಟು ಲೆಕ್ಕಾಚಾರದವಳು' ಅಂದರು.

ಓರಗಿತ್ತಿ ಕೈ ನೋಡಿಕೊಂಡಳು. ಇದು ಪರೀಕ್ಷೆಯೋ ತಮಾಷೆಯೋ ಅವಳಿಗೆ ಗೊತ್ತಾಗಲಿಲ್ಲ. ಅವಳ ಕಡೆ ಮೆಣಸು ಅಂದರೆ ಒಣಮೆಣಸಿನಕಾಯಿ. ಕಾಳಿಗೆ ಅಲ್ಲಿ ಒಳ್ಳೆಮೆಣಸು ಅನ್ನಬೇಕು. ನಮಗೆ ತೋಟದಲ್ಲಿ ಮೆಣಸು ಅಂದರೆ ಮೆಣಸೇ, ಬಳ್ಳಿಯದು, ಏಣಿ ಹಾಕಿ ಕೊಯ್ಯುವುದು, ಕಣದಲ್ಲಿ ಒಣಗಿಸುವುದು. ಘಟ್ಟ ಇಳಿದರೆ ಅರ್ಥ ಬದಲು. ಕೊಟ್ಟಿಗೆಹಾರದಿಂದ ಚಾರ್ಮಾಡಿ ಘಾಟಿ ಇಳಿಯಲಿಕ್ಕೆ ಎಷ್ಟು ಹೊತ್ತು ಬೇಕು? ಜರ್ಮನಿಗೂ ಸ್ವಿಟ್ಜರ್ಲೆಂಡಿಗೂ ಇರುವ ದೂರ ನಮ್ಮ ಅಡುಗೆಮನೆ ಕಟ್ಟೆಯ ಮೇಲೇ ಇತ್ತು.

ಪಾಪದ್ದು ಅನ್ನಿಸುವುದು ಕಾಳುಮೆಣಸಿನ ಪಾಡು. ಮೊದಲಿನಿಂದ ಇದ್ದಿದ್ದು ಅದು, ಹೆಸರು ಅದರದ್ದು. ಪೋರ್ಚುಗೀಸರು ಮೆಣಸಿನಕಾಯಿಯನ್ನು ಇಲ್ಲಿಗೆ ತಂದರು. ನಾವು ಮೆಣಸಿನ ಥರ ಖಾರ ಇರುವ ಕಾಯಿ ಅಂತ ಮೆಣಸಿನಕಾಯಿ ಅಂದೆವು. ಬಂದ ನೆಂಟ ಮನೆ ತುಂಬಿಕೊಂಡ. ಈಗ ಮನೆಯ ಯಜಮಾನ ತನ್ನ ಹೆಸರಿನ ಹಿಂದೆ ಕಾಳು, ಕರಿ, ಒಳ್ಳೆ ಅಂತ ಏನಾದರೂ ಸೇರಿಸಿಕೊಂಡು ಓಡಾಡಬೇಕು. ತುಳುವಿನಲ್ಲಿ ಮುಂಚಿ ಅಂದರೆ ಮೆಣಸಿನಕಾಯಿ, ಕಾಳುಮೆಣಸು ಎಡ್ಡೆಮುಂಚಿ, ಅಂದರೆ ಒಳ್ಳೆಯ ಮುಂಚಿ. ಮಲಯಾಳದಲ್ಲೂ ಮುಳಕ್ ಅಂದರೆ ಮೆಣಸಿನಕಾಯಿ, ಕಾಳುಮೆಣಸಿಗೆ ಕುರುಮುಳಕ್, ನಲ್ಲಮುಳಕ್. ಇಲ್ಲೂ ನಲ್ಲ ಅಂದರೆ ಒಳ್ಳೆಯದೇ. ಮೂರು ಭಾಷೆಯವರೂ ಹಳಬನಿಗೆ 'ಒಳ್ಳೆಯವನು' ಅನ್ನುವ ಸರ್ಟಿಫಿಕೇಟು ಕೊಟ್ಟು ಸಮಾಧಾನ ಮಾಡಿದ್ದಾರೆ. ಜೀರಿಗೆಮೆಣಸಂತೂ ಜೀರಿಗೆಯೂ ಅಲ್ಲ, ಮೆಣಸೂ ಅಲ್ಲ.

ಆದರೆ ಹಳಬನ ಹೆಸರೂ ಯುರೋಪಿನಲ್ಲಿ ಅವನದಲ್ಲ ಅಂತ ಗೊತ್ತಾದಾಗ ನನಗೆ ಸ್ವಲ್ಪ ಹೊತ್ತು ಏನೂ ತೋಚಲಿಲ್ಲ.

ಇಂಗ್ಲಿಷಿನ ಪೆಪ್ಪರ್, ಜರ್ಮನ್ನಿನ ಪ್ಫೆಫರ್, ಫ್ರೆಂಚಿನ ಪ್ವಾವ್ರ್, ಇಟಲಿಯ ಪೆಪೆ, ಇವೆಲ್ಲ ಲ್ಯಾಟಿನ್ನಿನ ಪಿಪೆರ್ ಪದದ ಮಕ್ಕಳು. ಲ್ಯಾಟಿನ್ನಿನವರು ಅದನ್ನು ಗ್ರೀಕರಿಂದ ತಗೊಂಡರು, ಗ್ರೀಕರಲ್ಲಿ ಅದು ಪೆಪೆರಿ. ಗ್ರೀಕರಿಗೆ ಅದು ಹೋಗಿದ್ದು ಭಾರತದಿಂದ. ಸಂಸ್ಕೃತದಲ್ಲಿ ಪಿಪ್ಪಲೀ. ಪಿಪ್ಪಲೀ ಅಂದರೆ ಕಾಳುಮೆಣಸಲ್ಲ, ಹಿಪ್ಪಲಿ! ನಮ್ಮ ಹಿಪ್ಪಲಿ. ಪಾಲು ಹಾಲಾದ ಹಾಗೆ, ಪೂವು ಹೂವಾದ ಹಾಗೆ, ಪಿಪ್ಪಲಿ ಕನ್ನಡದಲ್ಲಿ ಹಿಪ್ಪಲಿ ಆಯಿತು. ಕಾಳುಮೆಣಸಿನ ದಾಯಾದಿ ಬಳ್ಳಿ, ಆದರೆ ಗುಂಡು ಕಾಳಲ್ಲ. ಪುಟ್ಟ ಉದ್ದನೆಯ ಕಾಯಿ, ಒಣಗಿದರೆ ಕಂಬಳಿಹುಳು ಸತ್ತು ಬಿದ್ದ ಹಾಗೆ ಕಾಣುತ್ತದೆ.

ರೋಮಿನವರಿಗೆ ಇದೇ ದುಬಾರಿ ಮಾಲು. ಒಂದನೇ ಶತಮಾನದಲ್ಲಿ ಪ್ಲಿನಿ ಎಂಬ ರೋಮನ್ ಲೇಖಕ ಬರೆದಿಟ್ಟ ಬೆಲೆ ಇದೆ. ಒಂದು ರೋಮನ್ ಪೌಂಡು ಹಿಪ್ಪಲಿಗೆ 15 ದಿನಾರಿ (ಅವರ ಬೆಳ್ಳಿ ನಾಣ್ಯ), ಬಿಳಿ ಮೆಣಸಿಗೆ 7, ಕರಿ ಮೆಣಸಿಗೆ 4. ಇಷ್ಟು ಬೆಲೆ ಕೊಟ್ಟು ಜನ ಇದನ್ನು ಯಾಕೆ ತಿನ್ನುತ್ತಾರೋ ಅಂತ ಅವನಿಗೆ ಆಶ್ಚರ್ಯ. ನಮ್ಮ ಯಜಮಾನರಿಗೆ ಈ ರೇಟು ಓದಿ ಹೇಳಿದೆ. ಅವರು ತಲೆ ಎತ್ತದೆ, 'ಆಗಲೂ ಕರಿಗೇ ಕಡಿಮೆ ರೇಟು' ಅಂದರು. ಆಮೇಲೆ ಯುರೋಪಿನಲ್ಲಿ ಹಿಪ್ಪಲಿ ಮರೆತೇ ಹೋಯಿತು, ಹೆಸರು ಕರಿಮೆಣಸಿಗೆ ಉಳಿಯಿತು. ಡಚ್ಚರು ಈಗಲೂ ತೀರಾ ದುಬಾರಿ ಅನ್ನುವುದಕ್ಕೆ ಪೇಪರ್‌ದೂರ್ ಅನ್ನುತ್ತಾರೆ, ಮೆಣಸಿನಷ್ಟು ತುಟ್ಟಿ ಅಂತ. ಡಚ್ಚರು ಅಂದ ಕೂಡಲೇ ನೆನಪಾಯಿತು. ಅವರಲ್ಲಿ ಕಾಫಿಶಾಪ್ ಅಂದರೆ ಗಾಂಜಾ ಮಾರುವ ಅಂಗಡಿ, ಕೆಫೆ ಅಂದರೆ ಬಿಯರ್ ಕುಡಿಯುವ ಜಾಗ. ಕಾಫಿ ಬೆಳೆಗಾರರ ಮನೆಯಲ್ಲಿ ಇದನ್ನು ಗಟ್ಟಿಯಾಗಿ ಹೇಳಬಾರದು.

ಹಿಪ್ಪಲಿ ನಮ್ಮಲ್ಲಿ ಮರೆತು ಹೋಗಿಲ್ಲ. ಅತ್ತೆಯವರ ಮರದ ಪೆಟ್ಟಿಗೆಯಲ್ಲಿ ಯಾವತ್ತೂ ಇರುತ್ತದೆ. ಶುಂಠಿ, ಮೆಣಸು, ಹಿಪ್ಪಲಿ ಕುಟ್ಟಿ ಜೇನುತುಪ್ಪದಲ್ಲಿ ಕಲಸಿ ನೆಕ್ಕಿಸಿದರೆ ಎಂಥ ಕೆಮ್ಮೂ ಹೋಗುತ್ತದೆ ಅನ್ನುವುದು ಅವರ ನಂಬಿಕೆ. ಅವರಿಗೆ ಈಗ 84. ನಾನು ಓದಿದ್ದನ್ನೆಲ್ಲ ಒಂದು ಸಂಜೆ ಕೂರಿಸಿ ಹೇಳಿದೆ. ಪಿಪ್ಪಲಿ ಗ್ರೀಸಿಗೆ ಹೋಗಿ, ರೋಮಿಗೆ ಹೋಗಿ, ಇಟಲಿಯಲ್ಲಿ ಬಾಲ ಬೆಳೆಸಿ, ಅಮೆರಿಕದಲ್ಲಿ ಸಾಸೇಜಾಗಿ, ಮೊಮ್ಮಗನ ಪಿಜ್ಜಾ ಮೇಲೆ ಬಂದು ಕೂತಿದ್ದನ್ನು. ಪೂರ್ತಿ ಕೇಳಿದರು. 'ಅಂದ್ರೆ ಅವನು ತಿಂದಿದ್ದು ಹಿಪ್ಪಲಿ ರೊಟ್ಟಿ. ಕೆಮ್ಮು ಹೋಯ್ತಂತಾ?' ಅಂದರು.

ಈಗ ನಾನು ಬುಕಿಂಗ್ ಪ್ರಶ್ನೆಯ ಉತ್ತರ ನಂಬುವುದಿಲ್ಲ. ಹೊರಗಿನ ದೇಶದವರು ಬಂದ ಕೂಡಲೇ ಕಾಫಿ ಜೊತೆಗೆ ಒಂದು ಸ್ಟೀಲಿನ ತಟ್ಟೆ ಮುಂದಿಡುತ್ತೇನೆ. ಕಾಳುಮೆಣಸು ನಾಲ್ಕು, ಒಂದು ಹಸಿಮೆಣಸಿನಕಾಯಿ, ಒಂದು ಬ್ಯಾಡಗಿ, ಅರ್ಧ ಹೋಳು ಕ್ಯಾಪ್ಸಿಕಂ, ಒಂದು ಜೀರಿಗೆಮೆಣಸು. ಯಾವುದು ಬೇಡ, ಬೆರಳಿಟ್ಟು ತೋರಿಸಿ ಅನ್ನುತ್ತೇನೆ. ಹೆಸರು ಹೇಳಲಿಕ್ಕೆ ಬಿಡುವುದಿಲ್ಲ. ಮೊನ್ನೆ ಇಟಲಿಯ ಗಂಡ ಹೆಂಡತಿ ಬಂದಾಗ ನೋಡಿದರೆ ತಟ್ಟೆಯಲ್ಲಿ ಹಿಪ್ಪಲಿಯೂ ಒಂದಿತ್ತು. ಅತ್ತೆಯವರು ತಂದಿಟ್ಟಿದ್ದಾರೆ.

ಆಕೆ ಅದನ್ನು ಎತ್ತಿ ತಿರುಗಿಸಿ ನೋಡಿ, ಇದೇನು ಅಂದರು. ನಿಮ್ಮ ಪೆಪೆ ಪದದ ಅಜ್ಜಿ ಅಂದೆ. ನಾನು ತಡೆಯುವಷ್ಟರಲ್ಲಿ ಕಚ್ಚಿಯೇಬಿಟ್ಟರು. ಮೊದಲು ಸಿಹಿ ಅನ್ನಿಸಿರಬೇಕು, ತಲೆ ಆಡಿಸಿದರು. ಆಮೇಲೆ ಖಾರ ಹತ್ತಿತು. ಕಣ್ಣು ಬಿಟ್ಟುಕೊಂಡು, ಎದೆ ಮೇಲೆ ಕೈ ಇಟ್ಟುಕೊಂಡು, ಗಂಡನ ಕಡೆ ತಿರುಗಿ ಏನೋ ಹೇಳಹೊರಟರು, ಕೆಮ್ಮು ಬಂತು.

ಅತ್ತೆಯವರು ಬೆಲ್ಲದ ಡಬ್ಬಿಯನ್ನು ಮೊದಲೇ ಮಡಿಲಲ್ಲಿ ಇಟ್ಟುಕೊಂಡು ಕೂತಿದ್ದರು. ಮುಚ್ಚಳ ತೆಗೆದು ಮುಂದೆ ತಳ್ಳಿದರು.